ನಾಳೆ ಒಂಬತ್ತೂ ಇಪ್ಪತ್ತಕ್ಕೆ

ದೋರಿಂಡಾ, ನಿನ್ನನ್ನು ಮೊದಲು ಕಂಡದ್ದು
ಗಲೀಸಿಯದ ತುದಿಯಲ್ಲಿ, ಸಾವಿನ ಕರಾವಳಿ ಎಂದೇ
ಹೆಸರು ಹೊತ್ತ ದಡದಲ್ಲಿ, ಮೀನು ಹರಾಜಿನ ಕಟ್ಟೆಯ ಮೇಲೆ.
ಬಿಳಿ ಪರದೆ ಕಟ್ಟಿ, ಊರವರನ್ನು ಕೂರಿಸಿ
ಏಳು ವರ್ಷದ ಸಂಶೋಧನೆ ತೋರಿಸುತ್ತಿದ್ದೆ:
ಹನ್ನೆರಡು ವರ್ಷದ ಹಿಂದಿನ ಜನವರಿಯ ಬಿರುಗಾಳಿ
ಪರದೆಯಲ್ಲಿ ಮತ್ತೆ ಎದ್ದಿತು, ಗಂಟೆಗಂಟೆಗೂ
ತೇಲುಮಾಪಕ ಅಳೆದ ಅಂಕಿಗೂ ನನ್ನದಕ್ಕೂ
ಕೂದಲೆಳೆಯಷ್ಟೇ ಅಂತರ.
ಪ್ರಾಧ್ಯಾಪಕರು ತಲೆದೂಗಿದರು.
ನೀನು ಹಿಂದೆ, ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು
ರಬ್ಬರ್ ಉಡುಪಿನ ತೋಳು ಹಿಂಡುತ್ತಾ ಅಂದೆ:
"ಆ ದಿನ ನನ್ನ ತಂಗಿ ಹೋದಳು.
ಅಲೆ ಎಷ್ಟೆತ್ತರ ಇತ್ತು ಅಂತ ನನಗೆ ಗೊತ್ತು.
ನಾಳೆ ಒಂಬತ್ತೂ ಇಪ್ಪತ್ತಕ್ಕೆ ಇಳಿತ.
ನನ್ನ ಬಂಡೆಯ ಹತ್ತಿರ ಎಷ್ಟು? ಅದು ಹೇಳು."

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವನು
ನಾನು. ಬಾಗಿಲಿನ ಕೆತ್ತನೆಗೆ ಪದವಿ ಪಡೆದವನು.
ನಾಳೆಯ ಇಪ್ಪತ್ನಾಲ್ಕು ಗಂಟೆ ಲೆಕ್ಕ ಹಾಕಲು
ನನ್ನ ಯಂತ್ರಕ್ಕೆ ಮೂವತ್ತೊಂದು ಗಂಟೆ ಬೇಕಿತ್ತು.
ಅಂದರೆ ನಾಳೆ ಏನಾಗುತ್ತದೆ ಎಂದು
ನಾಡಿದ್ದು ಹೇಳಬಲ್ಲವನಾಗಿದ್ದೆ.

ಇನ್ನೊಂದು ನಾಚಿಕೆ. ಆ ರಾತ್ರಿ ನಕ್ಷೆ ಬಿಡಿಸಿ ಹುಡುಕಿದೆ,
ನಿನ್ನ ಬಂಡೆ ಇರಲೇ ಇಲ್ಲ.
ಇನ್ನೂರು ಮೀಟರಿನ ಚೌಕಗಳ ನನ್ನ ಬಲೆಯಿಂದ
ಹದಿನಾಲ್ಕು ಹೆಜ್ಜೆಯ ಬಂಡೆ
ಮರಿಮೀನಿನ ಹಾಗೆ ನುಸುಳಿ ಹೋಗಿತ್ತು.
ನಲವತ್ತು ವರ್ಷ ನೀನು ಕಾಲೂರಿದ ಕಡೆ
ನನ್ನ ಸಮುದ್ರ ನಿಶ್ಚಿಂತೆಯಾಗಿ ಹರಿಯುತ್ತಿತ್ತು.

ಆಮೇಲೆ ಎರಡು ಚಳಿಗಾಲ.
ದೂರದ ಕಡಲನ್ನು ಒರಟಾಗಿ ನೇಯ್ದೆ, ದಡದ ಬಳಿ ಒತ್ತಾಗಿ.
ಎಲ್ಲರೂ ಮೆಚ್ಚಿದ್ದ ಎರಡು ಪದಗಳನ್ನು
ಸಮೀಕರಣದಿಂದ ಕಿತ್ತೆ. ಚೆಂದ ಇದ್ದವು,
ನಿಧಾನ ಇದ್ದವು.
ಗುರು ಇಸೌರೋ ಫೋನಿನಲ್ಲಿ ಸಿಡುಕಿದರು,
"ಇದು ವಿಜ್ಞಾನವೇನಯ್ಯಾ? ಅಡುಗೆಮನೆ!"
ಹೌದು, ಅಡುಗೆಮನೆಯೇ. ಹಸಿದವರು ಏಳುವ ಮೊದಲು
ಒಲೆ ಹೊತ್ತಿರಬೇಕು.
ಗಾಳಿಯ ಅಂಕಿ ನಡುರಾತ್ರಿ ಬರುತ್ತದೆ,
ಕೆಲವು ರಾತ್ರಿ ಬರುವುದಿಲ್ಲ. ತೇಲುಮಾಪಕ
ಸರಪಳಿ ಹರಿದುಕೊಂಡು ಪೋರ್ಚುಗಲ್ ಕಡೆ ಹೊರಟುಬಿಡುತ್ತದೆ.
ಮೂರೂ ನಲವತ್ತಕ್ಕೆ ಲೆಕ್ಕ ಕುಸಿದರೆ
ಅಡಿಟಿಪ್ಪಣಿ ಬರೆದು ಮಲಗುವಂತಿಲ್ಲ;
ನಾನೋ, ರಾತ್ರಿ ಪಾಳಿಯ ಎರ್ಮಿಟಾಸಳೋ
ನಿನ್ನೆಯ ಗಾಳಿಯನ್ನಾದರೂ ಹೂಡಿ ಓಡಿಸಬೇಕು.
ಇಳಿತಕ್ಕೆ ನಮ್ಮ ಪಾಳಿ ಗೊತ್ತಿಲ್ಲ.

ಒಮ್ಮೆ ನಿನ್ನ ಬಂಡೆಗೆ ಕರೆದೊಯ್ದೆ, ಸೊಂಟಕ್ಕೆ ಹಗ್ಗ ಬಿಗಿದು.
ಬಿರುಕಿನೊಳಗೆ ಪೆರ್ಸೆಬೆಗಳ ಗೊಂಚಲು,
ಉಗುರು ಬೆಳೆದ ಕಪ್ಪು ಬೆರಳುಗಳ ಹಾಗೆ.
"ಅಲೆ ಎಲ್ಲಿ ಹೆಚ್ಚು ಬಡಿಯುತ್ತದೋ ಅಲ್ಲೇ ಇವು ಕೊಬ್ಬುವುದು,
ಅದಕ್ಕೇ ಇವಕ್ಕೆ ಈ ಬೆಲೆ."
ಕೈ ಉಳಿಯ ಮೇಲೆ, ಕಣ್ಣು ಬಿರುಕಿನಲ್ಲಿ,
ಕಿವಿ ಮಾತ್ರ ಬೆನ್ನ ಹಿಂದಿನ ನೀರಿಗೆ.
"ಈಗ" ಅಂದೆ. ಹಗ್ಗ ಜಗ್ಗಿದೆ.
ಮೇಲೆ ಬಿದ್ದು ಹೊರಳಿ ನೋಡಿದರೆ
ನಾವು ನಿಂತಿದ್ದ ಜಾಗದಲ್ಲಿ ನೊರೆ, ಅಷ್ಟೇ.
ನನ್ನ ಹನ್ನೊಂದು ಸಾವಿರ ಸಾಲಿನ ಪ್ರೋಗ್ರಾಮಿನಲ್ಲಿ
ಆ "ಈಗ" ಎಲ್ಲಿದೆ ಎಂದು ಇನ್ನೂ ಹುಡುಕುತ್ತಿದ್ದೇನೆ.

ಸೋಮವಾರ ಸೇವೆ ಶುರುವಾಯಿತು.
ಸಂಘದ ಬಾಗಿಲಿಗೆ ಮೊದಲ ಹಾಳೆ:
ಒಂಬತ್ತೂ ಇಪ್ಪತ್ತು. ಒಂದೂವರೆ ಮೀಟರ್. ವಾಯವ್ಯದಿಂದ.
ಯಾವ ಪರೀಕ್ಷೆಗೂ ಇಷ್ಟು ಬೆವತಿರಲಿಲ್ಲ.
ಕಾಫಿ ಆರಿತು. ಇನ್ನೊಂದು ಮಾಡಿದೆ, ಅದೂ ಆರಿತು.
ಹತ್ತೂ ಮುಕ್ಕಾಲಿಗೆ ಫೋನು. ಕಡಲಹಕ್ಕಿಗಳ ಗದ್ದಲ,
ಅದರೊಳಗೆ ನಿನ್ನ ಏದುಸಿರು:
"ಅರ್ಧ ಮೀಟರ್ ಕಡಿಮೆ ಹೇಳಿದೆಯಲ್ಲೋ.
ಕುತ್ತಿಗೆತನಕ ತೋಯ್ದೆ. ಚೀಲ ಹೋಯಿತು. ಬರೆದುಕೋ."
ಬರೆದುಕೊಂಡೆ.
"ಬರೆದೆಯಾ?
ಸರಿ. ನಾಳೆ ಇಳಿತ ಹತ್ತೂ ಐದಕ್ಕೆ.
ಎಷ್ಟು?"